ವಿಲ್ಸನ್ ಕೇಳಿದ್ದು ಜನರ ಮತ

ಓದುಗರ ಪತ್ರ: ‘ಅಮೆರಿಕದ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೆಂದು, ಆ ದೇಶದ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಜೇಮ್ಸ್ ವಿಲ್ಸನ್ ವಾದಿಸಿದ್ದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಎಲೆಕ್ಟರ್‌ಗಳೆಂಬ ಪ್ರತಿನಿಧಿಗಳು ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜ್ ಪದ್ಧತಿಯೇ ಅವರದೆಂದು ನಾನು ಓದಿದ್ದೆ. ಯಾವುದು ಸರಿ? ನ್ಯಾಯಮೂರ್ತಿಯಾಗಿದ್ದಾಗಲೇ ಅವರು ಜೈಲು ಸೇರಿದ್ದು ನಿಜವೇ?’

ಸಂಪಾದಕರ ಉತ್ತರ: ಎರಡೂ ಸರಿ. ದಿನಾಂಕಗಳನ್ನು ಜೋಡಿಸಿಕೊಂಡರೆ ಗೊಂದಲ ಬಿಡುತ್ತದೆ.

1787ರ ಜೂನ್ 1. ಕಾರ್ಯಾಂಗದ ಅಧಿಕಾರ ಒಬ್ಬರ ಕೈಯಲ್ಲಿರಲಿ ಎಂದು ಫಿಲಡೆಲ್ಫಿಯಾದ ಸಂವಿಧಾನ ಸಮಾವೇಶದಲ್ಲಿ ವಿಲ್ಸನ್ ಸೂಚಿಸಿದರು. ಅವರನ್ನು ಜನರೇ ಆರಿಸಲಿ ಎಂಬ ಮಾತನ್ನೂ ಅಂದೇ ಎತ್ತಿದರು. ಸಭೆ ಒಲಿಯುವಂತೆ ಕಾಣಲಿಲ್ಲ. ಮರುದಿನ ಒಂದು ಮೆಟ್ಟಿಲು ಇಳಿದರು: ರಾಜ್ಯಗಳನ್ನು ಜಿಲ್ಲೆಗಳಾಗಿ ವಿಂಗಡಿಸಿ, ಅಲ್ಲಿನ ಮತದಾರರು ಎಲೆಕ್ಟರ್‌ಗಳನ್ನು ಆರಿಸಲಿ, ಅವರು ಅಧ್ಯಕ್ಷರನ್ನು ಆರಿಸಲಿ. ಎರಡು ರಾಜ್ಯ ಪರ, ಎಂಟು ವಿರುದ್ಧ. ನೇರ ಚುನಾವಣೆ ಜುಲೈ 17ರಂದು ಮತಕ್ಕೆ ಬಂದಾಗ ಜೊತೆಗೆ ನಿಂತದ್ದು ಅವರ ಪೆನ್ಸಿಲ್ವೇನಿಯಾ ಒಂದೇ. ಸೆಪ್ಟೆಂಬರಿನಲ್ಲಿ ಎಲೆಕ್ಟರ್ ಪದ್ಧತಿ ಮರಳಿ ಬಂತು, ಆದರೆ ಎಲೆಕ್ಟರ್‌ಗಳನ್ನು ನೇಮಿಸುವ ಬಗೆಯನ್ನು ರಾಜ್ಯ ಶಾಸನಸಭೆಗಳಿಗೇ ಬಿಟ್ಟುಕೊಟ್ಟರು. ಎಂದರೆ ಎಲೆಕ್ಟರ್‌ಗಳ ಯೋಚನೆ ವಿಲ್ಸನ್‌ರದೇ, ಆದರೆ ಅದು ಅವರ ಎರಡನೆಯ ಆಯ್ಕೆ.

ನೇರ ಮತ ದಕ್ಷಿಣದ ರಾಜ್ಯಗಳವರಿಗೆ ಏಕೆ ಬೇಡವಾಗಿತ್ತು ಎಂಬುದನ್ನು ವರ್ಜೀನಿಯಾದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ಜುಲೈ 19ರಂದು ಬಿಚ್ಚಿ ಹೇಳಿದರು: ಗುಲಾಮರಿಗೆ ಮತವಿಲ್ಲ, ಹಾಗಾಗಿ ದಕ್ಷಿಣದ ತೂಕ ಕುಗ್ಗುತ್ತದೆ. ಎಲೆಕ್ಟರ್‌ಗಳ ಲೆಕ್ಕದಲ್ಲಿ ಆ ತೊಡಕಿಲ್ಲ. ಜನಸಂಖ್ಯೆಗೆ ತಕ್ಕಂತೆ ರಾಜ್ಯಗಳಿಗೆ ಸ್ಥಾನ ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ಸೂತ್ರದಲ್ಲಿ 50,000 ಗುಲಾಮರು 30,000 ಜನರಾಗುತ್ತಾರೆ. ಪ್ರತಿನಿಧಿ ಸಭೆಯ ಒಂದು ಸ್ಥಾನಕ್ಕೆ ಸಂವಿಧಾನ ಇಟ್ಟ ಕನಿಷ್ಠ ಸಂಖ್ಯೆ ಅದೇ. ಒಂದು ಸ್ಥಾನ ಹೆಚ್ಚಿದರೆ ಒಬ್ಬ ಎಲೆಕ್ಟರೂ ಹೆಚ್ಚಿದಂತೆ. ಜೂನ್ 11ರಂದು ಈ ಐದಕ್ಕೆ ಮೂರರ ಸೂತ್ರವನ್ನು ಸಭೆಯ ಮುಂದಿಟ್ಟವರು ಸ್ವತಃ ವಿಲ್ಸನ್. ಅವರನ್ನು ಬರೀ ಜನಪಕ್ಷಪಾತಿ ಎಂದು ಕೊಂಡಾಡುವವರು ಇದನ್ನು ಮರೆಯಬಾರದು. ನಮ್ಮ ಲೇಖನದಲ್ಲೂ ಈ ಸಂಗತಿ ಇರಬೇಕಿತ್ತು.

ಇನ್ನು ಜೈಲಿನ ಮಾತು. ಅದೂ ನಿಜ. 1789ರಲ್ಲಿ ಅವರು ಸುಪ್ರೀಂ ಕೋರ್ಟಿನ ಮೊದಲ ನ್ಯಾಯಮೂರ್ತಿಗಳಲ್ಲಿ ಒಬ್ಬರಾದರು. ಜೊತೆಜೊತೆಗೇ, ಯುರೋಪಿನಿಂದ ವಲಸಿಗರೂ ಬಂಡವಾಳವೂ ಬರುತ್ತವೆಂದು ನಂಬಿ, ಸಾಲದ ಮೇಲೆ ಸಾಲ ಎತ್ತಿ ಪಾಳು ಭೂಮಿಯ ಹಕ್ಕುಪತ್ರ ಕೊಳ್ಳುತ್ತಿದ್ದರು. ಅಂಥ ಭೂಮಿ ಮಾರಾಟವಾಗುವ ತನಕ ಬಿಡಿಗಾಸೂ ಹುಟ್ಟುವುದಿಲ್ಲ. ಬಡ್ಡಿ ಮತ್ತು ತೆರಿಗೆ ಮಾತ್ರ ಕಾಯುವುದಿಲ್ಲ. 1796–97ರಲ್ಲಿ ಹಣದ ಮುಗ್ಗಟ್ಟು ಬಂದಾಗ ಕೊಳ್ಳುವವರೇ ಇಲ್ಲವಾದರು. ಮೊದಲು ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ, ಬಳಿಕ ನಾರ್ತ್ ಕೆರೊಲಿನಾದ ಈಡೆಂಟನ್‌ನಲ್ಲಿ, ಸಾಲ ತೀರಿಸದ್ದಕ್ಕೆ ಸೆರೆ. ಎರಡನೆಯದಕ್ಕೆ ದೂರು ಕೊಟ್ಟವರು ಸಮಾವೇಶದಲ್ಲಿ ಜೊತೆಗೆ ಕುಳಿತಿದ್ದ ಪಿಯರ್ಸ್ ಬಟ್ಲರ್.

1798ರ ಆಗಸ್ಟ್ 21ರಂದು ಈಡೆಂಟನ್‌ನಲ್ಲೇ ತೀರಿಕೊಂಡರು. ಅಷ್ಟಾದರೂ ನ್ಯಾಯಮೂರ್ತಿ ಹುದ್ದೆಗೆ ರಾಜೀನಾಮೆ ಕೊಟ್ಟಿರಲಿಲ್ಲ. ಅವರ ಅಸ್ಥಿ ಫಿಲಡೆಲ್ಫಿಯಾದ ಕ್ರೈಸ್ಟ್ ಚರ್ಚ್ ಸೇರಿದ್ದು 1906ರಲ್ಲಿ.