ಬೈಬಲಿನ ‘ಓಲಾಮ್’ ಅಂದರೆ ಕೊನೆಯೇ ಇಲ್ಲದ ಕಾಲವಾ?

ಹೀಬ್ರೂ ಬೈಬಲಿನಲ್ಲಿ ‘ಓಲಾಮ್’ ಬಂದಲ್ಲೆಲ್ಲ ‘ಶಾಶ್ವತ’ ಅಂತಲೇ ಓದಬೇಕಾ ಎಂದು ಕೇಳಿದ್ದೀರಿ. ಬೇಡ. ಹಾಗೆ ಓದಿದರೆ ಕೆಲವು ಕಡೆ ಅರ್ಥವೇ ಕೆಡುತ್ತದೆ.

ಓಲಾಮ್ ಅಂದರೆ ತುದಿ ಕಾಣದಷ್ಟು ಉದ್ದದ ಕಾಲ. ಎಷ್ಟು ಉದ್ದ ಅನ್ನುವುದು ಮಾತು ಯಾರ ಬಗ್ಗೆ ಇದೆ ಅನ್ನುವುದರ ಮೇಲೆ ಹೋಗುತ್ತದೆ.

ಬೈಬಲಿನ ವಿಮೋಚನಕಾಂಡ ಪುಸ್ತಕದ 21ನೆಯ ಅಧ್ಯಾಯ ತೆಗೆದು ನೋಡಿ. ಇಬ್ರಿಯ, ಅಂದರೆ ಹೀಬ್ರೂ ಜನದ, ಆಳು 6 ವರ್ಷ ದುಡಿದು 7ನೆಯ ವರ್ಷ ಬಿಡುಗಡೆಯಾಗಿ ಹೋಗಬಹುದು. ಆದರೆ ಯಜಮಾನನೇ ಹೆಣ್ಣು ಕೊಟ್ಟಿದ್ದರೆ ಹೆಂಡತಿ, ಮಕ್ಕಳು ಅಲ್ಲೇ ಉಳಿಯಬೇಕು. ಎಂಥ ಬಿಡುಗಡೆ ನೋಡಿ! ಅವರನ್ನು ಬಿಟ್ಟು ಹೋಗಲಾರೆ ಅಂದರೆ, ಯಜಮಾನ ಅವನನ್ನು ಬಾಗಿಲ ಹತ್ತಿರ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚುತ್ತಾನೆ. ಆಮೇಲೆ ಅವನು ‘ಲೆಓಲಾಮ್’, ಅಂದರೆ ಓಲಾಮ್‌ವರೆಗೆ, ಆ ಮನೆಯ ಆಳು. ಹೆಚ್ಚೆಂದರೆ ಸಾಯುವವರೆಗೆ ತಾನೇ? ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಅದನ್ನೂ ಮೊಟಕು ಮಾಡಿದರು. ಯಾಜಕಕಾಂಡ 25ರ ಪ್ರಕಾರ 50ನೆಯ ವರ್ಷ, ಅಂದರೆ ಜೂಬಿಲಿ ವರ್ಷ, ಎಲ್ಲರೂ ತಮ್ಮ ತಮ್ಮ ಮನೆತನಕ್ಕೆ ವಾಪಸ್ ಹೋಗಬೇಕಲ್ವಾ? ಹಾಗಾಗಿ ಇಲ್ಲಿ ಓಲಾಮ್ ಅಂದರೆ ಜೂಬಿಲಿವರೆಗೆ ಎಂದು ತೀರ್ಮಾನಿಸಿದರು.

ಪ್ರವಾದಿ ಯೋನನದು ಇನ್ನೂ ತಮಾಷೆ. ಅವನನ್ನು ದೊಡ್ಡ ಮೀನೊಂದು ನುಂಗಿತ್ತು. ಮೀನಿನ ಹೊಟ್ಟೆಯಲ್ಲಿ ಇದ್ದದ್ದು 3 ದಿನ. ಪ್ರಾರ್ಥನೆಯಲ್ಲಿ ಮಾತ್ರ, ಭೂಮಿಯ ಅಗುಳಿಗಳು ‘ಲೆಓಲಾಮ್’ ನನ್ನ ಹಿಂದೆ ಬಿದ್ದವು ಎನ್ನುತ್ತಾನೆ. ಒಳಗಿದ್ದವನಿಗೆ ಹಾಗೇ ಅನ್ನಿಸಿರಬೇಕು, ಪಾಪ.

ಹಿಂದಿನ ಕಾಲಕ್ಕೂ ಇದೇ ಪದ. ಹಿರಿಯರು ನೆಟ್ಟ ಹಳೇ ಬಾಂದುಕಲ್ಲನ್ನು ಸರಿಸಬೇಡ ಅಂತ ಜ್ಞಾನೋಕ್ತಿ 22:28ರಲ್ಲಿದೆ. ಆ ‘ಹಳೇ’ ಕೂಡ ಓಲಾಮೇ. ಮನುಷ್ಯರು ನೆಟ್ಟ ಕಲ್ಲು ಅನಾದಿಯದ್ದಾಗಲು ಹೇಗೆ ಸಾಧ್ಯ?

ದೇವರ ವಿಷಯಕ್ಕೆ ಬಂದರೆ ಮಾತ್ರ ನೀವು ಹೇಳುವ ಅರ್ಥ ಪೂರ್ತಿ ಹೊಂದುತ್ತದೆ. ಬೆಟ್ಟಗಳು ಹುಟ್ಟುವುದಕ್ಕೂ ಮೊದಲೇ ‘ಮೇಓಲಾಮ್ ಅದ್ ಓಲಾಮ್’ (ಓಲಾಮ್‌ನಿಂದ ಓಲಾಮ್‌ವರೆಗೆ) ನೀನೇ ದೇವರು ಅಂತ ಕೀರ್ತನೆ 90:2 ಹೇಳುತ್ತದೆ. ಹಿಂದಕ್ಕೂ ತುದಿ ಇಲ್ಲ, ಮುಂದಕ್ಕೂ ಇಲ್ಲ.

ಒಂದು ಎಚ್ಚರಿಕೆ. ಇವತ್ತಿನ ಹೀಬ್ರೂವಿನಲ್ಲಿ ಓಲಾಮ್ ಅಂದರೆ ಜಗತ್ತು. ಯೆಹೂದಿಗಳ ಪ್ರಾರ್ಥನೆಯ ‘ಮೆಲೆಖ್ ಹಾಓಲಾಮ್’ ಅನ್ನು ಜಗತ್ತಿನ ರಾಜ ಅಂತಲೇ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಈ ಅರ್ಥ ಚೆನ್ನಾಗಿ ಬೇರೂರಿದ್ದು ಬೈಬಲ್ ಕಾಲದ ಆಮೇಲೆ, ಹಳೆಯ ವಚನಗಳಿಗೆ ಅದನ್ನು ಸುಮ್ನೆ ಅಂಟಿಸಬೇಡಿ. ‘ಮರೆಯಾಗು’ ಅನ್ನುವ ಧಾತುವಿನಿಂದ ಈ ಪದ ಹುಟ್ಟಿತು ಅಂತ ಕೆಲವರು ಹೇಳುವುದುಂಟು. ಕೇಳೋಕೆ ಚೆಂದ. ಆದರೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ, ಅದನ್ನೇ ನಂಬಿ ಅರ್ಥ ಕಟ್ಟಲು ಹೋಗಬೇಡಿ.