ಹಿಮದ ನಕ್ಷೆ ನೋಡಿ ವಿಮಾನದ ಟಿಕೆಟ್ ತೆಗೆಸಬೇಡಿ

ನಿಮ್ಮ ಪತ್ರ ತಲುಪಿತು. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ನೀವು, ಜನವರಿ ಅರ್ಧ ಕಳೆದರೂ ಹಗಲಿನ ತಾಪಮಾನ ಹತ್ತು ಹನ್ನೆರಡು ಡಿಗ್ರಿಯಲ್ಲೇ ನಿಂತಿದೆ, ಮಳೆ ಬಿಟ್ಟರೆ ಬೇರೇನೂ ಬೀಳುತ್ತಿಲ್ಲ, ಇದನ್ನೇ ಇಲ್ಲಿನವರು ಚಳಿಗಾಲ ಎನ್ನುತ್ತಾರೆಯೇ ಎಂದು ಕೇಳಿದ್ದೀರಿ. ಹಿಮಕ್ಕಾಗಿ ಕಾಯುವ ಹವ್ಯಾಸಿಗಳ ಬಳಗವೊಂದನ್ನು ಸೇರಿಕೊಂಡಿರುವುದಾಗಿಯೂ, ಅಲ್ಲಿ ಒಬ್ಬರು ತೋರಿಸಿದ ನಕ್ಷೆಯಲ್ಲಿ ಇಂದಿನಿಂದ ಹನ್ನೆರಡನೆಯ ದಿನಕ್ಕೆ ದಕ್ಷಿಣ ಇಂಗ್ಲೆಂಡ್ ಪೂರ್ತಿ ಹಿಮ ಸೂಚಿಸುವ ನೇರಳೆ ಬಣ್ಣಕ್ಕೆ ತಿರುಗಿರುವುದಾಗಿಯೂ ಬರೆದಿದ್ದೀರಿ. ವೀಸಾ ಸಿದ್ಧವಿರುವುದರಿಂದ, ಆ ನಕ್ಷೆಯನ್ನು ನಂಬಿ ಕೊಪ್ಪದಲ್ಲಿರುವ ತಂದೆತಾಯಿಯರನ್ನು ಫೆಬ್ರವರಿ ಮೊದಲ ವಾರಕ್ಕೆ ಕರೆಸಿಕೊಳ್ಳಬಹುದೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಬೂಟು ಮತ್ತು ಹೀಟಿಂಗ್ ವಿಚಾರವನ್ನೂ ಕೇಳಿದ್ದೀರಿ.

ಅವೆರಡನ್ನು ಮೊದಲು ಮುಗಿಸುತ್ತೇನೆ. ಮೊಣಕಾಲಿನವರೆಗೆ ಬರುವ ಹಿಮದ ಬೂಟು ಈ ಊರಿನಲ್ಲಿ ಅಟ್ಟದ ಮೇಲೆಯೇ ಹಳತಾಗುತ್ತದೆ. ನೀರು ಒಳಗಿಳಿಯದ, ಅಟ್ಟೆ ಚೆನ್ನಾಗಿ ಹಿಡಿಯುವ ಸಾಧಾರಣ ಬೂಟು ಸಾಕು. ಇಲ್ಲಿ ಜನ ಜಾರಿ ಬೀಳುವುದು ಹೆಚ್ಚಾಗಿ ಹಿಮದಲ್ಲಲ್ಲ, ಸಂಜೆಯ ಮಳೆ ನಿಂತು ಆಕಾಶ ತಿಳಿಯಾದ ರಾತ್ರಿ ಕಾಲುದಾರಿಯ ಮೇಲೆ ಕಣ್ಣಿಗೆ ಕಾಣದಂತೆ ಹೆಪ್ಪುಗಟ್ಟುವ ತೆಳು ಗಾಜಿನ ಮೇಲೆ. ಹೀಟಿಂಗ್ ನಿಮ್ಮ ಮನೆ, ನಿಮ್ಮ ಬಿಲ್ಲು; ಅಡುಗೆಯಾದ ಮೇಲೆ ಸ್ವಲ್ಪ ಹೊತ್ತು ಕಿಟಕಿ ತೆರೆದಿಡಿ, ಇಲ್ಲವಾದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಬೂಷ್ಟಿನ ವಿಷಯವನ್ನು ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು ಹಿಮ. ಕೆನಡಾದಲ್ಲಿರುವ ಬಂಧುಗಳು ಕಳಿಸಿದ ಫೋಟೋಗಳನ್ನು ನೋಡಿ ಬಂದವರೆಲ್ಲ ಇಲ್ಲಿಯೂ ಹಾಗೆಯೇ ಇರಬೇಕೆಂದು ತಿಳಿಯುತ್ತಾರೆ. ಕ್ಯಾಲ್ಗರಿಯೂ ರೆಡಿಂಗೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, 51 ಡಿಗ್ರಿಯಲ್ಲಿವೆ; ಆದರೆ ನಮಗೆ ಗಾಳಿ ಬರುವುದು ಬಹುಪಾಲು ಪಶ್ಚಿಮ ಮತ್ತು ನೈಋತ್ಯದಿಂದ, ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ನೀರಿನ ಮೇಲೆ ಸಾವಿರಾರು ಮೈಲಿ ಹಾದು. ಆ ಗಾಳಿ ಹಾಗೆಯೇ ಬೀಸುತ್ತಿರುವವರೆಗೆ ಈ ಊರಿಗೆ ಮಳೆಯೇ ಗತಿ. ಗ್ರೀನ್‌ಲೆಂಡ್ ಅಥವಾ ಸ್ಕ್ಯಾಂಡಿನೇವಿಯಾದ ಮೇಲೆ ಅಧಿಕ ಒತ್ತಡದ ವಲಯವೊಂದು ಅಡ್ಡ ಕುಳಿತು, ಪಶ್ಚಿಮದ ಗಾಳಿಯನ್ನು ತಡೆದು, ಉತ್ತರದಿಂದಲೋ ರಷ್ಯಾದ ಕಡೆಯಿಂದಲೋ ಶೀತವನ್ನು ಎಳೆದು ತಂದಾಗ ಮಾತ್ರ ಹಿಮದ ಮಾತು ಹುಟ್ಟುತ್ತದೆ. ಈ ವರ್ಷ ಆ ತಡೆ ಇನ್ನೂ ಬಿದ್ದಿಲ್ಲ.

ಹವ್ಯಾಸಿಗಳು ದಿನವಿಡೀ ಹುಡುಕುವುದು ಈ ತಡೆಯನ್ನೇ. ಅಮೆರಿಕದ ಜಿಎಫ್‌ಎಸ್ ಎಂಬ ಹವಾಮಾನದ ಕಂಪ್ಯೂಟರ್ ಮಾದರಿ ದಿನಕ್ಕೆ ನಾಲ್ಕು ಬಾರಿ, ಹದಿನಾರು ದಿನ ಮುಂದಿನವರೆಗೆ ನಕ್ಷೆ ಬಿಡಿಸುತ್ತದೆ. ರಾತ್ರಿ ಒಂಬತ್ತೂವರೆಯ ನಂತರ ಬರುವ ನಕ್ಷೆಗೆ ಅವರು ಪಬ್ ರನ್ ಎನ್ನುತ್ತಾರೆ. ಪಬ್ಬಿನಿಂದ ಮನೆಗೆ ಮರಳುವ ವೇಳೆಗೆ ಬರುವ ಈ ನಕ್ಷೆಗೆ ಸ್ವಲ್ಪ ಅಮಲಿನ ಸ್ವಭಾವವಿದೆ ಎಂಬುದು ಅವರ ಹಳೆಯ ತಮಾಷೆ. ಏಳೆಂಟು ದಿನಗಳಾಚೆಯ ನಕ್ಷೆಗಳಿಗೆ ಅವರೇ ಇಟ್ಟಿರುವ ಹೆಸರು ಫ್ಯಾಂಟಸಿ ಐಲ್ಯಾಂಡ್. ನಿಮಗೆ ತೋರಿಸಿದ ನೇರಳೆ ನಕ್ಷೆ ಆ ದ್ವೀಪದ್ದೇ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಮುಖ್ಯ ಕಚೇರಿ ನೀವಿರುವ ಊರಿನಲ್ಲಿಯೇ ಇದೆ. ಅವರು ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಒಂದೇ ಮುನ್ಸೂಚನೆಯನ್ನು ಐವತ್ತು ಸಲ ಓಡಿಸುವುದು ಸುಮ್ಮನೆ ಅಲ್ಲ. ಹನ್ನೆರಡನೆಯ ದಿನಕ್ಕೆ ಆ ಐವತ್ತರಲ್ಲಿ ನಾಲ್ಕೈದು ಹಿಮ ತೋರಿಸಿ, ಉಳಿದವು ಮಳೆ ತೋರಿಸಿದರೆ, ಬಳಗದಲ್ಲಿ ಓಡಾಡುವುದು ಆ ನಾಲ್ಕೈದು ಮಾತ್ರ. ಅವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಮಾರ್ಚಿನಲ್ಲಿ ಗಿಡ ಹೂಬಿಡಿಸುವ ಹೂಮಳೆಗಾಗಿ ಕಾಯುವ ಕಾಫಿ ಬೆಳೆಗಾರನ ಕಿವಿಗೆ ದೂರದ ಒಂದು ಗುಡುಗು ಹೇಗೆ ಕೇಳಿಸುತ್ತದೆಯೋ ಅವರ ಕಣ್ಣಿಗೆ ಆ ಬಣ್ಣ ಹಾಗೆ ಕಾಣಿಸುತ್ತದೆ. ಬೆಳೆಗಾರನಿಗಾದರೆ ಆ ಮಳೆಯ ಮೇಲೆ ಮುಂದಿನ ವರ್ಷದ ಫಸಲು ನಿಂತಿರುತ್ತದೆ, ಇವರಿಗೆ ಹಿಮದಿಂದ ಕಾಸಿನ ಲಾಭವೂ ಇಲ್ಲ; ಆ ನಿರ್ಲಾಭದ ಆಸೆಯನ್ನು ನಾನು ಗೌರವಿಸುತ್ತೇನೆ.

ನಕ್ಷೆ ನಿಜವಾದರೂ ಹಿಮ ಬೀಳುತ್ತದೆಂದು ಹೇಳಲಾಗದು. ಸುಮಾರು ಒಂದೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಮೈನಸ್ 5 ಡಿಗ್ರಿಗೆ ಇಳಿದಿರಬೇಕು, ನೆಲದ ಬಳಿ ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಹನಿಗಟ್ಟುವ ತಾಪಮಾನ, ಸೊನ್ನೆಯ ಆಸುಪಾಸಿನಲ್ಲಿರಬೇಕು ಎಂಬುದು ಹವ್ಯಾಸಿಗಳ ಸ್ಥೂಲ ಲೆಕ್ಕ. ಒಂದೇ ಒಂದು ಡಿಗ್ರಿ ಹೆಚ್ಚಾದರೆ ಅದು ತಣ್ಣನೆಯ ಮಳೆ. ಥೇಮ್ಸ್ ದಂಡೆಯ ತಗ್ಗಿನಲ್ಲಿರುವ ರೆಡಿಂಗ್‌ನಲ್ಲಿ ಕೊಡೆ ಹಿಡಿದು ನಡೆಯುವ ಹೊತ್ತಿನಲ್ಲೇ ಉತ್ತರದ ಚಿಲ್ಟರ್ನ್ ಗುಡ್ಡಗಳ 200 ಮೀಟರ್ ಮೀರಿದ ನೆತ್ತಿಯ ಮೇಲೆ ಹಿಮ ಕೂರುವುದುಂಟು. ಪಕ್ಕದ ತೋಟದಲ್ಲಿ ಎರಡು ಇಂಚು ಹೊಯ್ದು ನಮ್ಮ ಬೇಲಿಯ ಈಚೆಗೆ ಹನಿಯೂ ಬೀಳದ ಸಂಕಟ ನಿಮಗೆ ಗೊತ್ತಿರುವುದರಿಂದ ಇದನ್ನು ಹೆಚ್ಚು ಬೆಳೆಸುವುದಿಲ್ಲ.

ನಾನು ಇಷ್ಟು ಖಚಿತವಾಗಿ ಟಿಕೆಟ್ ಬೇಡ ಎನ್ನುವುದಕ್ಕೆ ಕಾರಣವಿದೆ. ನಾನು ಬಂದಿಳಿದದ್ದು 2010ರ ಶರತ್ಕಾಲದಲ್ಲಿ. ಆ ವರ್ಷದ ಡಿಸೆಂಬರ್ ಈ ದೇಶದಲ್ಲಿ ನೂರು ವರ್ಷಕ್ಕೂ ಮೀರಿದ ಅವಧಿಯಲ್ಲೇ ಅತ್ಯಂತ ಶೀತಲವಾದದ್ದು. 1659ರಿಂದ ತಿಂಗಳು ತಪ್ಪದೆ ನಡೆದುಬಂದಿರುವ ಮಧ್ಯ ಇಂಗ್ಲೆಂಡಿನ ತಾಪಮಾನದ ದಾಖಲೆಯಲ್ಲಿ ಆ ತಿಂಗಳ ಸರಾಸರಿಯೇ ಸೊನ್ನೆಗಿಂತ ಕೆಳಗಿದೆ. ಕ್ರಿಸ್ಮಸ್‌ಗೆ ಒಂದು ವಾರವಿರುವಾಗ ಹೀಥ್ರೋ ವಿಮಾನ ನಿಲ್ದಾಣ ಹಿಮದಿಂದ ಸ್ಥಗಿತಗೊಂಡಿತು. ಹೊಸಬನಾದ ನನಗೆ ಇದೇ ಇಲ್ಲಿನ ರೂಢಿ ಎನಿಸಿತು, ಊರಿಗೆ ಹಾಗೆಯೇ ತಿಳಿಸಿದೆ. ನಮ್ಮ ತಂದೆಯವರಿಗೆ ಅದನ್ನು ನೋಡುವ ಆಸೆ ಅಂದೇ ಹುಟ್ಟಿತು. ಮೂಡಿಗೆರೆಯ ಕಡೆ ಸಣ್ಣ ಕಾಫಿ ತೋಟ ಮಾಡಿಕೊಂಡಿದ್ದ ಅವರು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಅಂಗಳದ ಮಳೆಮಾಪಕವನ್ನು. ಇಂಚು, ಸೆಂಟುಗಳ (ಇಂಚಿನ ನೂರನೆಯ ಒಂದು ಭಾಗವೇ ಸೆಂಟು) ಲೆಕ್ಕ ಅವರ ಮಳೆ ಪುಸ್ತಕದಲ್ಲಿ ನಕ್ಷತ್ರದ ಹೆಸರಿನೊಂದಿಗೆ ದಾಖಲಾಗದ ದಿನವಿರಲಿಲ್ಲ. ಆದರೆ ಇಲ್ಲಿ ಹಿಮದ ಕಾಲವೆಂದರೆ ಅಲ್ಲಿ ಕಾಫಿ ಕುಯ್ಲಿನ ಕಾಲ. ಕಣದಲ್ಲಿ ಹಣ್ಣು ಹರಡಿರುವಾಗ ಬೆಳೆಗಾರ ಮನೆ ಬಿಡುವುದುಂಟೇ? ವರ್ಷಗಳು ಹಾಗೆಯೇ ಉರುಳಿ, ಕೊನೆಗೆ 2015ರಲ್ಲಿ ಕುಯ್ಲನ್ನು ತೋಟದ ಲೆಕ್ಕ ನೋಡುವ ರೈಟರಿಗೂ ಚಿಕ್ಕಪ್ಪನಿಗೂ ಒಪ್ಪಿಸಿ ಡಿಸೆಂಬರಿನಲ್ಲಿ ಬಂದರು.

ಆ ಡಿಸೆಂಬರ್ ಅದೇ 1659ರಿಂದೀಚಿನ ದಾಖಲೆಯಲ್ಲಿ ಅತ್ಯಂತ ಬೆಚ್ಚಗಿನ ಡಿಸೆಂಬರ್ ಆಯಿತು. ಐದು ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ತಿಂಗಳ ಸರಾಸರಿ ಒಂಬತ್ತೂವರೆಯನ್ನು ಮೀರಿತು. ವಸಂತದ ಡ್ಯಾಫೊಡಿಲ್ ಹೂಗಳು ಕ್ರಿಸ್ಮಸ್‌ಗೆ ಮುಂಚೆಯೇ ಅರಳಿ ನಿಂತವು. ನಾನು ಕೆಲಸದಿಂದ ಬಂದವನೇ ನಕ್ಷೆ ತೆರೆಯುತ್ತಿದ್ದೆ, ಅವರು ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಪ್ರತಿ ರಾತ್ರಿ ಹಿಮ ಹತ್ತು ದಿನ ಮುಂದಿರುತ್ತಿತ್ತು, ಮರುದಿನ ಸಂಜೆಯೂ ಹತ್ತು ದಿನ ಮುಂದೆಯೇ ಇರುತ್ತಿತ್ತು. ಸ್ವಲ್ಪ ದಿನದಲ್ಲೇ ಅವರು ನಕ್ಷೆ ನೋಡುವುದನ್ನು ಬಿಟ್ಟು, ನಮ್ಮ ಬೀದಿಯಲ್ಲಿದ್ದ ನಿವೃತ್ತ ಹವ್ಯಾಸಿಯೊಬ್ಬರ ಹಿತ್ತಲಿಗೆ ಹೋಗತೊಡಗಿದರು. ಅಲ್ಲಿ ತಾಪಮಾಪಕಗಳನ್ನಿಡುವ ಬಿಳಿ ಬಣ್ಣದ ಸ್ಟೀವನ್‌ಸನ್ ಪೆಟ್ಟಿಗೆಯೂ ತಾಮ್ರದ ಮಳೆಮಾಪಕವೂ ಇದ್ದವು, ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಓದುವ ಶಿಸ್ತೂ ಇತ್ತು. ಡಿಸೆಂಬರ್ 5ರಂದು ಡೆಸ್ಮಂಡ್ ಎಂಬ ಬಿರುಗಾಳಿ ಕಂಬ್ರಿಯಾ ಪ್ರಾಂತ್ಯದ ಹಾನಿಸ್ಟರ್ ಕಣಿವೆಯಲ್ಲಿ ಇಪ್ಪತ್ನಾಲ್ಕು ಗಂಟೆಗಳಲ್ಲಿ 341.4 ಮಿಲಿಮೀಟರ್ ಮಳೆ ಸುರಿಸಿ ಬ್ರಿಟನ್ನಿನ ದಾಖಲೆಯನ್ನು ಮುರಿದಾಗ, ನಮ್ಮ ತಂದೆಯವರು ಅದನ್ನು ಹದಿಮೂರೂವರೆ ಇಂಚಿಗೆ ಇಳಿಸಿ, ಆಗುಂಬೆಯ ಹೆಸರು ಹೇಳಿ, ಈ ದೇಶದಲ್ಲಿಯೂ ಮಳೆ ಎನ್ನಬಹುದಾದ ಮಳೆ ಬೀಳುತ್ತದೆಯೆಂದು ಮೊದಲ ಬಾರಿಗೆ ಒಪ್ಪಿಕೊಂಡರು. ಆ ಹಿರಿಯರಿಬ್ಬರೂ ಸೆಂಟು, ಮಿಲಿಮೀಟರುಗಳನ್ನು ಕೂಡಿಸಿ ಕಳೆಯುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ, ಜೊತೆಗೆ ಹೋಗಿ ಕುಳಿತದ್ದು ಕಡಿಮೆ. ನನ್ನ ಮನಸ್ಸು ಹತ್ತನೆಯ ದಿನದ ಮೇಲಿತ್ತು.

ಜನವರಿ ಮೊದಲಲ್ಲಿ, ಒಂದು ಹಳುಕೂ ಕಾಣದೆ ಅವರು ಮರಳಿದರು. ತಿಂಗಳ ಮಧ್ಯದಲ್ಲಿ ಗಾಳಿ ತಿರುಗಿ ಸ್ಕಾಟ್‌ಲೆಂಡಿನಲ್ಲಿಯೂ ಉತ್ತರ ಇಂಗ್ಲೆಂಡಿನಲ್ಲಿಯೂ ಹಿಮ ಬಿತ್ತು. ಇನ್ನೊಂದು ಚಳಿಗಾಲಕ್ಕೆ ಬರುವೆನೆಂದಿದ್ದರು; ಮರುವರ್ಷ ಹೃದಯದ ತೊಂದರೆ ಕಾಣಿಸಿಕೊಂಡು ದೂರದ ವಿಮಾನ ಪ್ರಯಾಣ ಬೇಡವೆಂದರು ವೈದ್ಯರು.

2018ರ ಫೆಬ್ರವರಿ 12ರ ಸುಮಾರಿಗೆ ಧ್ರುವದ ಮೇಲೆ, ಮೂವತ್ತು ಕಿಲೋಮೀಟರ್ ಎತ್ತರದ ಸ್ತರದಲ್ಲಿ ಗಾಳಿ ಹಠಾತ್ತನೆ ಬಿಸಿಯಾಗಿ ಅಲ್ಲಿ ಧ್ರುವವನ್ನು ಸುತ್ತುವ ಗಾಳಿಯ ಸುಳಿ ಎರಡಾಗಿ ಸೀಳಿತು. ಎರಡು ವಾರದ ನಂತರ ರಷ್ಯಾದ ಶೀತ ಇಲ್ಲಿಗೆ ಬಂತು. ಪತ್ರಿಕೆಗಳು ಅದನ್ನು ಪೂರ್ವದ ಮೃಗ ಎಂದು ಕರೆದವು. ನಮ್ಮ ಹಿತ್ತಲಿನಲ್ಲಿ ನಾಲ್ಕು ಬೆರಳಿನಷ್ಟು ಹಿಮ ಕುಳಿತಿತ್ತು. ವೀಡಿಯೊ ಕರೆಯಲ್ಲಿ ತೋರಿಸಿದಾಗ ತಂದೆಯವರು ಚೆಂದವನ್ನು ಹೊಗಳುವ ಮೊದಲು ಅದನ್ನು ಪಾತ್ರೆಯಲ್ಲಿ ಕರಗಿಸಿ ಅಳೆದು ಹೇಳು ಎಂದರು. ಹತ್ತು ಹನ್ನೆರಡು ಇಂಚು ಹಿಮ ಕರಗಿದರೆ ಒಂದಿಂಚು ನೀರು. ನಮ್ಮದು ಇಪ್ಪತ್ತು ಸೆಂಟೂ ಆಗಲಿಲ್ಲ. ಇಪ್ಪತ್ತು ಸೆಂಟಿಗೆ ನಿಮ್ಮ ರೈಲು ನಿಂತುಹೋಯಿತೇ ಎಂದು ಅವರು ನಕ್ಕರು. ಆ ಲೆಕ್ಕವನ್ನೂ ಮಳೆ ಪುಸ್ತಕದಲ್ಲಿ ಬರೆದುಕೊಂಡಿದ್ದರೆಂದು ಅವರು ಹೋದ ಮೇಲೆ ತಂಗಿ ಹೇಳಿದಳು. ಹಿತ್ತಲಿನ ಹುಲ್ಲಿನ ಮೇಲೆ ಅವರನ್ನು ನಿಲ್ಲಿಸಿಕೊಂಡು ಅಳೆಯಲಾಗಲಿಲ್ಲವೆಂಬ ಕೊರಗು ನನಗೆ ಉಳಿದಿದೆ.

ಈಗ ನಿಮ್ಮ ಬಳಗದಲ್ಲಿ ಧ್ರುವದ ಸುಳಿಯ ಮಾತು ಮತ್ತೆ ಎದ್ದಿದೆಯೆಂದು ಬರೆದಿದ್ದೀರಿ. ಸುಳಿ ಮುರಿದಾಗಲೆಲ್ಲ 2018 ಮರುಕಳಿಸುವುದಿಲ್ಲ. 2019ರ ಜನವರಿ ಆರಂಭದಲ್ಲಿಯೂ ಹಾಗೆಯೇ ಮುರಿದಿತ್ತು. ದಕ್ಷಿಣದಲ್ಲಿ ಒಂದೆರಡು ದಿನ ಹಿಮ ಬಿದ್ದದ್ದು ನಿಜವಾದರೂ, ಅದೇ ಫೆಬ್ರವರಿ 26ರಂದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತಾಪಮಾನ 21.2 ಡಿಗ್ರಿಗೇರಿ, ಬ್ರಿಟನ್ನಿನ ಚಳಿಗಾಲದ ದಾಖಲೆಯಾಯಿತು. ಮೃದು ಚಳಿಗಾಲಗಳು ಈಚೆಗೆ ಹೆಚ್ಚುತ್ತಿವೆ. ನಿಮ್ಮ ತಂದೆತಾಯಿಯರ ವಯಸ್ಸೂ ನಿಲ್ಲುವುದಿಲ್ಲ.

ಆದ್ದರಿಂದ ಫೆಬ್ರವರಿ ಬೇಡ. ಅಲ್ಲಿ ಅಡಿಕೆ ಕೊಯ್ಲು, ಸುಲಿತ ಪೂರ್ತಿ ಮುಗಿದಿರುವುದಿಲ್ಲ. ಇಲ್ಲಿ ಸಂಜೆ ಐದಕ್ಕೆ ಕತ್ತಲಾಗುತ್ತದೆ, ನೀವು ಕೆಲಸಕ್ಕೆ ಹೋದ ಮೇಲೆ ಅವರು ಒದ್ದೆ ಕಿಟಕಿ ನೋಡುತ್ತಾ ಕೂರಬೇಕಾಗುತ್ತದೆ. ಏಪ್ರಿಲ್ ಕೊನೆಗೆ ಕರೆಸಿ. ಆಗ ಚಿಲ್ಟರ್ನ್ ಗುಡ್ಡದ ಬೀಚ್ ಮರಗಳ ಕಾಡಿನಲ್ಲಿ ಬ್ಲೂಬೆಲ್ ಹೂ ನೆಲ ಕಾಣದಂತೆ ಅರಳಿರುತ್ತದೆ, ಎಂಟು ಗಂಟೆಯವರೆಗೂ ಬೆಳಕಿರುತ್ತದೆ. ಹಿಮವನ್ನೇ ತೋರಿಸಬೇಕೆಂಬ ಹಟವಿದ್ದರೆ ಅದನ್ನು ರೆಡಿಂಗ್‌ನಲ್ಲಿ ಕಾಯಬೇಡಿ; ಬೇರೊಂದು ವರ್ಷ ಫೆಬ್ರವರಿ ಕೊನೆಯಲ್ಲಿ ರೈಲು ಹತ್ತಿ ಸ್ಕಾಟ್‌ಲೆಂಡಿನ ಆವಿಮೋರ್‌ಗೆ ಕರೆದೊಯ್ಯಿರಿ. ಅಲ್ಲಿಂದ ಕಾಣುವ ಕೇರ್ನ್‌ಗಾರ್ಮ್ ಬೆಟ್ಟಗಳು ಸಾವಿರ ಮೀಟರ್ ಮೀರಿವೆ, ಇಂಥ ಚಳಿಗಾಲದಲ್ಲಿಯೂ ಅವುಗಳ ನೆತ್ತಿಯಲ್ಲಿ ಸ್ವಲ್ಪವಾದರೂ ಬಿಳಿ ಇರುವ ಸಾಧ್ಯತೆ ಹೆಚ್ಚು. ಹಿರಿಯರನ್ನು ಮೇಲೆ ಹತ್ತಿಸುವುದು ಬೇಡ, ಊರಿನಿಂದ ನೋಡಿದರೆ ಸಾಕು.

ಬಳಗವನ್ನು ಬಿಡಬೇಡಿ, ಅವರಿಂದ ಕಲಿಯುವುದಿದೆ. ಆದರೆ ಐದು ದಿನದೊಳಗಿನ ನಕ್ಷೆ ಮತ್ತು ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಹಳದಿ, ಕೇಸರಿ ಎಚ್ಚರಿಕೆಗಳ ಹೊರತು ಬೇರೇನನ್ನೂ ಕೊಪ್ಪದವರೆಗೆ ಮುಟ್ಟಿಸಬೇಡಿ. ಟಿಕೆಟ್ಟನ್ನು ದಿನಾಂಕ ಬದಲಿಸಲು ಬರುವಂಥದ್ದೇ ತೆಗೆಯಿರಿ, ಹಣ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ತೋಟದ ಮನೆಯವರು ಹೊರಡುವ ಹಿಂದಿನ ದಿನ ಆಳುಗಳ ತಾಪತ್ರಯ ಬಂದೇ ಬರುತ್ತದೆ.