ಮುರಿದ ಮಂಡಿ ಯಾರ ಲೆಕ್ಕಕ್ಕೆ?

ಪತ್ರದ ಸಾರ: ಕಳೆದ ಸಂಚಿಕೆಯ ಐಸ್ ಹಾಕಿ ಲೇಖನದಲ್ಲಿ ಬಾಬಿ ಓರ್ ಮತ್ತು ಮಾರಿಯೊ ಲೆಮ್ಯೂ ಅವರನ್ನು ವೇನ್ ಗ್ರೆಟ್ಸ್ಕಿ, ಗಾರ್ಡಿ ಹೌ ಅವರ ಸಾಲಿನಲ್ಲಿ ಕೂರಿಸಿದ್ದು ತಪ್ಪು. ಆಡದ ಪಂದ್ಯಕ್ಕೆ ಯಾರೂ ಅಂಕ ಕೊಡುವುದಿಲ್ಲ. ಮೈಯನ್ನು ಜೋಪಾನ ಮಾಡಿಕೊಂಡು ವರ್ಷಗಟ್ಟಲೆ ಆಡುವುದೂ ಪ್ರತಿಭೆಯೇ. ಎರಿಕ್ ಲಿಂಡ್ರೋಸ್ ಅವರಂಥ ‘ಗಾಜಿನ ತಲೆ’ಯವರನ್ನು ಹಾಕಿ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದೇ ಹೆಚ್ಚಾಯಿತು. ನನ್ನ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಯನ್ನು, ಒಬ್ಬೊಬ್ಬರ ಬಗ್ಗೆ ಎರಡು ಸಾಲಿನ ಟಿಪ್ಪಣಿಯೊಂದಿಗೆ, ಕಳುಹಿಸಿದ್ದೇನೆ. ಧೈರ್ಯವಿದ್ದರೆ ಪ್ರಕಟಿಸಿ.

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇಷ್ಟು ಅಚ್ಚುಕಟ್ಟಾಗಿ ಅಂಕಿಗಳನ್ನು ಜೋಡಿಸಿಕೊಂಡು ಜಗಳಕ್ಕೆ ಬರುವ ಓದುಗರು ಸಿಗುವುದು ಭಾಗ್ಯ. ನಿಮ್ಮ ಅಂಕಿಗಳಲ್ಲಿ ಒಂದೂ ತಪ್ಪಿಲ್ಲ. ತಪ್ಪಿರುವುದು ನೀವು ಅವುಗಳಿಂದ ಹೊರಡಿಸಿದ ತೀರ್ಪಿನಲ್ಲಿ.

ಮೊದಲು ಒಪ್ಪಬೇಕಾದದ್ದನ್ನು ಒಪ್ಪಿಬಿಡುತ್ತೇನೆ. ಗಾರ್ಡಿ ಹೌ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 26 ಋತು, 1767 ಪಂದ್ಯ ಆಡಿದರು. 52ನೇ ವಯಸ್ಸಿಗೆ ಕಾಲಿಟ್ಟ 1979-80ರ ಋತುವಿನಲ್ಲಿ ಹಾರ್ಟ್‌ಫರ್ಡ್ ಪರ 80 ಪಂದ್ಯಗಳಲ್ಲಿ ಒಂದನ್ನೂ ಬಿಡಲಿಲ್ಲ. ಗ್ರೆಟ್ಸ್ಕಿಯ 2857 ಪಾಯಿಂಟ್‌ಗಳ (ಹೊಡೆದ ಗೋಲಿಗೆ ಒಂದು, ನೆರವಾದ ಗೋಲಿಗೆ ಒಂದು) ಮುಂದೆ ಯಾವ ವಾದವೂ ನಿಲ್ಲುವುದಿಲ್ಲ. ದೀರ್ಘಕಾಲ ಆಡುವುದು ದೊಡ್ಡ ಸಾಧನೆ. ಈ ಮಾತಿನಲ್ಲಿ ನನಗೆ ತಕರಾರಿಲ್ಲ.

ಆದರೆ ಹೌ ಅವರ ಕತೆಯನ್ನೇ ಒಂದಿಷ್ಟು ಹಿಂದಿನಿಂದ ಹೇಳುತ್ತೇನೆ, ಕೇಳಿ. 1950ರ ಮಾರ್ಚ್ 28ರಂದು ಟೊರೊಂಟೊ ವಿರುದ್ಧದ ಪಂದ್ಯದಲ್ಲಿ ಅವರು ರಿಂಕಿನ (ಮಂಜುಗಡ್ಡೆಯ ಅಂಗಳದ) ಕಟಾಂಜನಕ್ಕೆ ತಲೆ ಬಡಿದುಕೊಂಡು ಬಿದ್ದರು. ತಲೆಬುರುಡೆ ಬಿರುಕು ಬಿಟ್ಟಿತ್ತು. ಮೆದುಳಿನ ಮೇಲಿನ ಒತ್ತಡ ಇಳಿಸಲು ವೈದ್ಯರು ಬುರುಡೆಗೆ ರಂಧ್ರ ಕೊರೆದರು. ಆಗ ಅವರಿಗೆ 21 ವರ್ಷ, ಮುಂದೆ ಪಡೆಯಲಿದ್ದ ಹೆಸರಿನ ಬಹುಪಾಲು ಇನ್ನೂ ಬರಬೇಕಿತ್ತು. ಮುಂದಿನ ಋತುವಿನಲ್ಲಿ 70 ಪಂದ್ಯ ಆಡಿ 86 ಪಾಯಿಂಟ್ ಗಳಿಸಿ ಲೀಗಿನ ಅಗ್ರಸ್ಥಾನಕ್ಕೇರಿದರು. ಅಂದು ರಾತ್ರಿ ಆ ಶಸ್ತ್ರವೈದ್ಯರ ಕೈ ಒಂದಿಷ್ಟು ತಪ್ಪಿದ್ದರೆ, ನೀವು ಇಂದು ಪಟ್ಟಿಯ ತಲೆಯಲ್ಲಿಟ್ಟಿರುವ ಹೆಸರು ಹಳೆಯ ಪತ್ರಿಕೆಯ ಮೂಲೆಯ ಸುದ್ದಿಯಾಗಿರುತ್ತಿತ್ತು. ‘ಮೈ ಉಳಿಸಿಕೊಳ್ಳುವ ಪ್ರತಿಭೆ’ ಎಂದು ನೀವು ಕರೆದದ್ದರಲ್ಲಿ ಹೌ ಅವರ ಪಾಲೆಷ್ಟು, ಆ ವೈದ್ಯರ ಪಾಲೆಷ್ಟು?

ಅದಕ್ಕೂ 13 ವರ್ಷ ಹಿಂದೆ ಹೋಗೋಣ. ಹೋವಿ ಮೊರೆನ್ಜ್, ಮಾಂಟ್ರಿಯಲ್ ಕೆನೆಡಿಯನ್ಸ್ ತಂಡದ ಮಿಂಚು, ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನು ಮೂರು ಬಾರಿ ಗೆದ್ದವರು. 1937ರ ಜನವರಿ 28ರಂದು ಅವರ ಸ್ಕೇಟು ರಿಂಕಿನ ಹಲಗೆಗೆ ಸಿಕ್ಕಿಕೊಂಡಿತು, ಕಾಲು ಮುರಿಯಿತು. ಬರೀ ಕಾಲು. ಇಂದಾದರೆ ಲೋಹದ ಪಟ್ಟಿ ಕೂರಿಸಿ, ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟು, ಬೇಗನೆ ಎಬ್ಬಿಸಿ ನಡೆಸುತ್ತಾರೆ. ಮೊರೆನ್ಜ್ ಮಾರ್ಚ್ 8ರಂದು ಆಸ್ಪತ್ರೆಯ ಹಾಸಿಗೆಯಲ್ಲೇ ತೀರಿಕೊಂಡರು. ವಯಸ್ಸು 34. ಅವರು ಆಡಿದ ಫೋರಂ ಕ್ರೀಡಾಂಗಣದಲ್ಲೇ ಅಂತ್ಯವಿಧಿ ನಡೆಯಿತು, ಸಾವಿರಾರು ಜನ ಸದ್ದಿಲ್ಲದೆ ಕುಳಿತಿದ್ದರು. 1950ರಲ್ಲಿ ಕೆನಡಾದ ಪತ್ರಕರ್ತರು ಅರ್ಧ ಶತಮಾನದ ಶ್ರೇಷ್ಠ ಹಾಕಿ ಆಟಗಾರನನ್ನು ಆರಿಸಿದಾಗ ಅವರನ್ನೇ ಆರಿಸಿದರು. ಅವರು ಎಷ್ಟು ಪಂದ್ಯ ಆಡಲಿಲ್ಲ ಎಂದು ಆ ಪತ್ರಕರ್ತರು ಎಣಿಸಲು ಹೋಗಲಿಲ್ಲ.

ಈಗ ಓರ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ತುಸು ಹೊತ್ತು ನಿಲ್ಲುತ್ತೇನೆ, ನೀವೂ ನಿಲ್ಲಬೇಕು.

1970ರ ಮೇ 10ರ ಆ ಚಿತ್ರವನ್ನು ನೀವು ನೋಡಿರಲೇಬೇಕು. ಸೇಂಟ್ ಲೂಯಿಸ್ ವಿರುದ್ಧ ಹೆಚ್ಚುವರಿ ಅವಧಿಯ 40ನೇ ಸೆಕೆಂಡಿನಲ್ಲಿ ಗೋಲು ಹೊಡೆದು, ಎದುರಾಳಿ ಕಾಲಿಗೆ ಕೋಲು ಕೊಟ್ಟಾಗ, ಓರ್ ಗಾಳಿಯಲ್ಲಿ ಅಡ್ಡವಾಗಿ ತೇಲುತ್ತಿದ್ದಾರೆ. ಎರಡೂ ಕೈ ಮುಂದೆ ಚಾಚಿವೆ, ಬಾಯಿ ಸಂತೋಷದಿಂದ ತೆರೆದಿದೆ. ಎಲ್ಲರೂ ಆ ಮುಖವನ್ನು ನೋಡುತ್ತಾರೆ. ನಾನು ಪ್ರತಿ ಸಲವೂ ಎಡಮಂಡಿಯನ್ನು ನೋಡುತ್ತೇನೆ. ಅವರಿಗೆ ಆಗ 22 ವರ್ಷ, ಆ ಮಂಡಿಯನ್ನು ವೈದ್ಯರು ಅಷ್ಟರಲ್ಲೇ ಒಂದಕ್ಕಿಂತ ಹೆಚ್ಚು ಸಲ ಕೊಯ್ದಿದ್ದರು. ಮುಂದೆ ಆ ಲೆಕ್ಕ ಹನ್ನೆರಡನ್ನು ದಾಟಿತು.

ಆ ಕಾಲದಲ್ಲಿ ಮಂಡಿಯ ಒಳಗಿನ ಮೃದ್ವಸ್ಥಿ ಹರಿದರೆ ಚರ್ಮವನ್ನು ಉದ್ದಕ್ಕೆ ಸೀಳಿ, ಅದನ್ನು ಕಿತ್ತು ತೆಗೆದುಬಿಡುತ್ತಿದ್ದರು. ಅದೊಂದು ಮೆತ್ತೆ, ಎರಡು ಎಲುಬುಗಳ ನಡುವಿನ ದಿಂಬು. ದಿಂಬು ಹೋದ ಮೇಲೆ ಎಲುಬಿಗೆ ಎಲುಬು ತೇಯುತ್ತದೆ. ಮೃದ್ವಸ್ಥಿಯನ್ನು ಪೂರ್ತಿ ತೆಗೆದರೆ ಮಂಡಿ ಬೇಗ ಸವೆಯುತ್ತದೆ ಎಂಬ ಅರಿವು ವೈದ್ಯಲೋಕದಲ್ಲಿ ಬೇರೂರಲು ಸಮಯ ಹಿಡಿಯಿತು. ಸಣ್ಣ ತೂತಿನಿಂದ ಮಾಡುವ ಆರ್ತ್ರೋಸ್ಕೋಪಿ ಸಾಮಾನ್ಯವಾಗುವ ಹೊತ್ತಿಗೆ, ಎಂಆರ್‌ಐ ಯಂತ್ರಗಳು ಆಸ್ಪತ್ರೆಗೆ ಬರುವ ಹೊತ್ತಿಗೆ, ಓರ್ ಸ್ಕೇಟು ಕಳಚಿಟ್ಟಿದ್ದರು.

ಮೂರು ವರ್ಷಗಳ ಹಿಂದೆ ಮೆಟ್ಟಿಲಿಳಿಯುವಾಗ ನನ್ನ ಬಲಮಂಡಿ ತಿರುಚಿತು. ವೈದ್ಯರು ತೆರೆಯ ಮೇಲೆ ಚಿತ್ರ ಎಳೆದು, ಬೆರಳಿನಿಂದ ತೋರಿಸಿದರು: ಇಗೋ ಇಲ್ಲಿ ಹರಿದಿದೆ, ಇಷ್ಟನ್ನು ಮಾತ್ರ ಸವರುತ್ತೇನೆ, ಉಳಿದದ್ದನ್ನು ಮುಟ್ಟುವುದಿಲ್ಲ. ಎರಡು ಚಿಕ್ಕ ತೂತು, ಎರಡು ಹೊಲಿಗೆ. ಮರುದಿನ ಕೋಲು ಹಿಡಿದು ನಡೆದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಕಾರಣ ನೋವಲ್ಲ. ಇಡೀ ದಿನ ಕುರ್ಚಿಯಲ್ಲಿ ಕುಳಿತು ಬರೆಯುವವನಿಗೆ ಸಿಕ್ಕ ಈ ಉಪಚಾರ 1967ರಲ್ಲಿ ಜಗತ್ತಿನ ಅತ್ಯಂತ ಪ್ರತಿಭಾವಂತ ಹಾಕಿ ಆಟಗಾರನಿಗೆ ಸಿಗಲಿಲ್ಲವಲ್ಲ ಎಂಬುದು ಕೊರೆಯುತ್ತಿತ್ತು.

ಅಂಥ ಕಾಲಿನಲ್ಲಿ ಆ ಮನುಷ್ಯ ಮಾಡಿದ್ದೇನು ನೋಡಿ. ಎಂಟು ವರ್ಷ ಸತತವಾಗಿ ಶ್ರೇಷ್ಠ ರಕ್ಷಣಾ ಆಟಗಾರನ ನಾರಿಸ್ ಟ್ರೋಫಿ. ಅದರಲ್ಲಿ ಮೊದಲನೆಯದು ಕೇವಲ 46 ಪಂದ್ಯ ಆಡಿದ ಋತುವಿನಲ್ಲಿ. 1970-71ರಲ್ಲಿ 139 ಪಾಯಿಂಟ್. ರಕ್ಷಣಾ ಆಟಗಾರನೊಬ್ಬ ಲೀಗಿನ ಪಾಯಿಂಟ್ ಪಟ್ಟಿಯ ತುದಿಗೇರಿದ್ದು ಎರಡೇ ಸಲ, 1970 ಮತ್ತು 1975ರಲ್ಲಿ. ಎರಡು ಸಲವೂ ಅವರೇ. 1976ರ ಕೆನಡಾ ಕಪ್ ಎಂಬ ಅಂತರರಾಷ್ಟ್ರೀಯ ಟೂರ್ನಿಯ ವೇಳೆಗೆ ಆ ಮಂಡಿಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಏಳು ಪಂದ್ಯಗಳಲ್ಲಿ 9 ಪಾಯಿಂಟ್ ಗಳಿಸಿ ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಆಮೇಲೆ ಶಿಕಾಗೊ ಪರ ಎರಡು ಋತುಗಳಲ್ಲಿ ಒಟ್ಟು 26 ಪಂದ್ಯ. 1978ರ ನವೆಂಬರ್‌ನಲ್ಲಿ, 30ನೇ ವಯಸ್ಸಿಗೆ, ಸಾಕೆಂದರು. 657 ಪಂದ್ಯ, 915 ಪಾಯಿಂಟ್.

‘ಆಡದ ಪಂದ್ಯಕ್ಕೆ ಅಂಕವಿಲ್ಲ’ ಎಂದಿರಿ. ನಾನು ಕೇಳುತ್ತಲೂ ಇಲ್ಲ. ‘ಕಾಲು ಸರಿಯಿದ್ದಿದ್ದರೆ ಏನಾಗುತ್ತಿತ್ತೋ’ ಎಂಬ ಹಳಹಳಿಕೆ ನನ್ನದಲ್ಲ. ಆಡಿದ 657 ಪಂದ್ಯಗಳಿಗಷ್ಟೇ ಪೂರ್ತಿ ಬೆಲೆ ಕೊಡಿ ಎನ್ನುತ್ತೇನೆ. ಮಿಕ್ಕ ಪಂದ್ಯಗಳು ಇಲ್ಲದಿರುವುದನ್ನು ಅವರ ಹೆಸರಿಗೆ ಸಾಲವಾಗಿ ಬರೆಯಬೇಡಿ. ಆ ಸಾಲ ಅವರು ಹುಟ್ಟಿದ ಕಾಲದ್ದು.

ಇದಕ್ಕೆ ಸಾಕ್ಷಿ ಬೇಕೆ? ಕಾನರ್ ಮೆಕ್‌ಡೇವಿಡ್ 2019ರ ಏಪ್ರಿಲ್ 6ರಂದು ವೇಗವಾಗಿ ಜಾರುತ್ತಾ ಹೋಗಿ ಗೋಲುಕಂಬಕ್ಕೆ ಎಡಗಾಲು ಬಡಿದುಕೊಂಡರು. ಮಂಡಿಯ ಅಸ್ಥಿರಜ್ಜು ಹರಿಯಿತು. ತಜ್ಞರು ಚಿತ್ರ ನೋಡಿ, ಅಳೆದು ತೂಗಿ, ಕೊಯ್ಯದೆಯೇ ಗುಣಪಡಿಸುವ ದಾರಿ ಹುಡುಕಿದರು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರು. ಅಕ್ಟೋಬರ್‌ನಲ್ಲಿ ಅವರು ಮರಳಿ ರಿಂಕಿನಲ್ಲಿದ್ದರು. ಆ ಋತುವಿನಲ್ಲಿ 64 ಪಂದ್ಯ, 97 ಪಾಯಿಂಟ್. ಓರ್ 1948ರಲ್ಲಿ ಹುಟ್ಟಿದರು, ಮೆಕ್‌ಡೇವಿಡ್ 1997ರಲ್ಲಿ. ಇಬ್ಬರ ಮಂಡಿಗಳ ನಡುವಿನ ಈ 49 ವರ್ಷಗಳನ್ನು ನಿಮ್ಮ ಪಟ್ಟಿಯ ಯಾವ ಕಲಂನಲ್ಲಿ ಬರೆದಿದ್ದೀರಿ?

ಲೆಮ್ಯೂ ಬಗ್ಗೆ ಬರೆಯಲು ಕೂತರೆ ಈ ಸಂಚಿಕೆ ಸಾಲದು. ಒಂದೇ ದೃಶ್ಯ ಹೇಳುತ್ತೇನೆ. ಆರಡಿ ನಾಲ್ಕಂಗುಲದ ಆಳು, ಪೆಂಗ್ವಿನ್ಸ್ ತಂಡದ ನಾಯಕ, ಡ್ರೆಸಿಂಗ್ ರೂಮಿನ ಬೆಂಚಿನ ಮೇಲೆ ಅಲುಗದೆ ಕೂತಿದ್ದಾರೆ. ಮುಂದೆ ತಂಡದ ಸಿಬ್ಬಂದಿಯೊಬ್ಬರು ನೆಲಕ್ಕೆ ಮಂಡಿಯೂರಿ ಅವರ ಸ್ಕೇಟಿನ ದಾರ ಬಿಗಿಯುತ್ತಿದ್ದಾರೆ, ಮಗುವಿಗೆ ಶೂ ಹಾಕಿಸಿದಂತೆ. ಬೆನ್ನಿನ ಡಿಸ್ಕ್ ಜಾರಿದ್ದರಿಂದ ಅವರಿಗೆ ಬಗ್ಗಲಾಗುತ್ತಿರಲಿಲ್ಲ. ಕೆಲವೇ ನಿಮಿಷಗಳಲ್ಲಿ ಅದೇ ಮನುಷ್ಯ ಎದುರಾಳಿಗಳನ್ನು ದಾಟಿಕೊಂಡು ಗೋಲಿನತ್ತ ಹೊರಡುತ್ತಿದ್ದರು. 1990-91ರಲ್ಲಿ ಶಸ್ತ್ರಚಿಕಿತ್ಸೆ, ಮೇಲಿನಿಂದ ಸೋಂಕು, ಲೀಗಿನಲ್ಲಿ 26 ಪಂದ್ಯ ಮಾತ್ರ. ಆಮೇಲೆ ಋತುವಿನ ಕೊನೆಯ ಪ್ಲೇಆಫ್ ಸುತ್ತುಗಳಲ್ಲಿ 44 ಪಾಯಿಂಟ್, ಅದನ್ನು ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್. 1993ರ ಜನವರಿಯಲ್ಲಿ ಹಾಡ್ಕಿನ್ ಕ್ಯಾನ್ಸರ್ ಇರುವುದು ಬಹಿರಂಗವಾಯಿತು. ಮಾರ್ಚ್ 2ರ ಬೆಳಿಗ್ಗೆ ಕೊನೆಯ ವಿಕಿರಣ ಚಿಕಿತ್ಸೆ ಮುಗಿಸಿ, ವಿಮಾನ ಹತ್ತಿ ಫಿಲಡೆಲ್ಫಿಯಾಗೆ ಹೋಗಿ ಅದೇ ಸಂಜೆ ಆಡಿದರು, ಗೋಲನ್ನೂ ಹೊಡೆದರು. ಎದುರಾಳಿಗಳನ್ನು ಬೈಯುವುದಕ್ಕೇ ಹೆಸರಾದ ಆ ಊರಿನ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಆ ಋತುವಿನಲ್ಲಿ ಆಡಿದ್ದು 60 ಪಂದ್ಯ, ಗಳಿಸಿದ್ದು 160 ಪಾಯಿಂಟ್, ಲೀಗಿನಲ್ಲೇ ಮೊದಲಿಗರು. ಇಡೀ ವೃತ್ತಿಜೀವನದಲ್ಲಿ ಪಂದ್ಯಕ್ಕೆ 1.88 ಪಾಯಿಂಟ್, ನಿಮ್ಮ ಗ್ರೆಟ್ಸ್ಕಿಯದು 1.92. ಒಟ್ಟು ಆಡಿದ ಪಂದ್ಯಗಳು 915. ಓರ್ ಗಳಿಸಿದ ಪಾಯಿಂಟ್‌ಗಳೂ ಅಷ್ಟೇ. ಈ ಕಾಕತಾಳೀಯ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಏನೋ ಸಂಕಟವಾಗುತ್ತದೆ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ನೋವು ಕೊಟ್ಟ ಪದ: ‘ಗಾಜಿನ ತಲೆ’.

ಗಮನಿಸಿದ್ದೀರಾ, ಮಂಡಿ ಮುರಿದವರನ್ನು ನಾವು ಕ್ಷಮಿಸುತ್ತೇವೆ, ತಲೆಗೆ ಪೆಟ್ಟು ತಿಂದವರನ್ನು ಕ್ಷಮಿಸುವುದಿಲ್ಲ. ಮಂಡಿಯ ಮೇಲೆ ಹೊಲಿಗೆಯ ಗುರುತಿರುತ್ತದೆ, ಕುಂಟುವುದು ಕಣ್ಣಿಗೆ ಕಾಣುತ್ತದೆ. ತಲೆಯ ಗಾಯಕ್ಕೆ ಗುರುತಿಲ್ಲ. ಬೆಳಕು ಸಹಿಸಲಾರದೆ ಕತ್ತಲ ಕೋಣೆಯಲ್ಲಿ ಮಲಗಿದವನನ್ನು ‘ನೆಪ ಹೇಳುತ್ತಿದ್ದಾನೆ’ ಎನ್ನುವುದು ಸುಲಭ. ಓರ್‌ಗೆ ಕಾಯುವ ಅವಧಿಯನ್ನೇ ಮನ್ನಾ ಮಾಡಿ 1979ರಲ್ಲಿ, 31ನೇ ವಯಸ್ಸಿಗೆ, ಹಾಲ್ ಆಫ್ ಫೇಮ್ ಬಾಗಿಲು ತೆರೆದರು. ಲಿಂಡ್ರೋಸ್ 2010ರಲ್ಲೇ ಅರ್ಹರಾದರೂ ಒಳಗೆ ಬಿಟ್ಟದ್ದು 2016ರಲ್ಲಿ. 760 ಪಂದ್ಯಗಳಲ್ಲಿ 865 ಪಾಯಿಂಟ್ ಗಳಿಸಿದವರು, 1995ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ. 2000ದಲ್ಲಿ, ತಲೆಗೆ ಪೆಟ್ಟಾದದ್ದನ್ನು ತಂಡದ ವೈದ್ಯಕೀಯ ಸಿಬ್ಬಂದಿ ಸರಿಯಾಗಿ ಗುರುತಿಸಲಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ ಅವರ ನಾಯಕತ್ವ ಹೋಯಿತು. ಅದೇ ವರ್ಷದ ಮೇ 26ರಂದು ಎದುರಾಳಿ ತಂಡದ ಸ್ಕಾಟ್ ಸ್ಟೀವನ್ಸ್ ಭುಜದಿಂದ ಗುದ್ದಿದಾಗ ಅವರು ನೆಲಕ್ಕೊರಗಿದರು. ಅಂದಿನ ನಿಯಮದ ಪ್ರಕಾರ ಆ ಗುದ್ದಿಗೆ ಶಿಕ್ಷೆಯಿರಲಿಲ್ಲ. ‘ತಲೆ ತಗ್ಗಿಸಿ ಜಾರಿದ್ದು ಅವನದೇ ತಪ್ಪು’ ಎಂದು ಬಲ್ಲವರು ಬರೆದರು. ಪಕ್ಕದಿಂದ ಬಂದು ತಲೆಗೆ ಗುದ್ದುವುದನ್ನು ತಡೆಯುವ ನಿಯಮ ಬಂದದ್ದು 2010ರಲ್ಲಿ, ಹತ್ತು ವರ್ಷ ತಡವಾಗಿ.

ಸಿಡ್ನಿ ಕ್ರಾಸ್ಬಿ ಆ ಬದಲಾವಣೆಯ ಹೊಸ್ತಿಲಲ್ಲಿ ಸಿಕ್ಕವರು. 2011ರ ಜನವರಿ 1ರಂದು ತಲೆಗೆ ಪೆಟ್ಟು, 5ರಂದು ಮತ್ತೊಂದು. ನಡುವೆ ಯಾರೂ ಅವರನ್ನು ಕೂರಿಸಲಿಲ್ಲ. 41 ಪಂದ್ಯಗಳಲ್ಲಿ 66 ಪಾಯಿಂಟ್ ಗಳಿಸಿದ್ದ ಋತು ಅಲ್ಲಿಗೇ ನಿಂತಿತು. ಹತ್ತು ತಿಂಗಳ ನಂತರ ಬಂದು ಮೊದಲ ಪಂದ್ಯದಲ್ಲೇ ನಾಲ್ಕು ಪಾಯಿಂಟ್ ಗಳಿಸಿದರು, ಎಂಟು ಪಂದ್ಯ ಮುಗಿಯುವಷ್ಟರಲ್ಲಿ ಮತ್ತೆ ಹೊರಗೆ ಕೂತರು. ಆದರೆ ಈ ಸಲ ಕಾಯಲು ಬಿಟ್ಟರು. ಹಾಗೆ ಕಾದದ್ದರಿಂದಲೇ 2016, 2017ರ ಕಪ್‌ಗಳು ಅವರ ಕೈಗೆ ಬಂದವು ಎಂಬುದು ನನ್ನ ನಂಬಿಕೆ. ಪ್ಯಾಟ್ ಲಾಫಾಂಟೇನ್ 1998ರಲ್ಲಿ, ತಲೆಗೆ ಮತ್ತೊಂದು ಪೆಟ್ಟು ಬಿದ್ದ ಮೇಲೆ, ನಿವೃತ್ತರಾಗಬೇಕಾಯಿತು. ಸತತ ಒಂಬತ್ತು ಋತುಗಳಲ್ಲಿ 50 ಗೋಲು ದಾಟಿದ ಮೈಕ್ ಬಾಸಿಗೆ ಬೆನ್ನು ಹತ್ತೇ ಋತುಗಳ ಅವಕಾಶ ಕೊಟ್ಟಿತು. ಇವರನ್ನೆಲ್ಲ ‘ಮೈ ಉಳಿಸಿಕೊಳ್ಳಲಾರದವರು’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತೀರಾ?

ಮಾತು ನಿಮ್ಮನ್ನು ದಾಟಿ ಹೋಗುತ್ತಿದೆ, ಹೋಗಲಿ. ನನ್ನ ಸಿಟ್ಟು ನಿಮ್ಮ ಮೇಲಲ್ಲ, ನನ್ನ ವೃತ್ತಿಯವರ ಮೇಲೆ. ‘ನೋವು ನುಂಗಿ ಆಡಿದ ವೀರ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವವರು ನಾವು. ಆ ವೀರ ಎರಡು ವರ್ಷದ ನಂತರ ಆಡಲಾಗದೆ ಕೂತರೆ ‘ಭರವಸೆ ಹುಸಿಗೊಳಿಸಿದ’ ಎಂದು ಬರೆಯುವವರೂ ನಾವೇ. ಲೀಗಿನವರೋ, ಆಟಗಾರನಿಗೆ ಏನಾಗಿದೆ ಎಂದರೆ ‘ದೇಹದ ಮೇಲ್ಭಾಗದ ಗಾಯ’, ‘ದೇಹದ ಕೆಳಭಾಗದ ಗಾಯ’ ಎನ್ನುತ್ತಾರೆ. ತಲೆಯೂ ಮೇಲ್ಭಾಗ, ಕೈಯ ಕಿರುಬೆರಳೂ ಮೇಲ್ಭಾಗ. 2018ರಲ್ಲಿ ಮುನ್ನೂರಕ್ಕೂ ಹೆಚ್ಚು ಮಾಜಿ ಆಟಗಾರರು ತಲೆಪೆಟ್ಟಿನ ಬಗ್ಗೆ ಹೂಡಿದ್ದ ಮೊಕದ್ದಮೆಯನ್ನು ಲೀಗು ಸುಮಾರು 1.9 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು, ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ. ಕಳೆದ ತಿಂಗಳು ನಮ್ಮ ಕಚೇರಿಯ ಯುವ ಸಹೋದ್ಯೋಗಿಯೊಬ್ಬರು ಮುರಿದ ಕಾಲಿನಲ್ಲೇ ಆಡಿದವರ ಬಗ್ಗೆ ಭಕ್ತಿಯಿಂದ ಒಂದು ಪುಟ ಬರೆದು ತಂದರು. ಚೆನ್ನಾಗಿಯೇ ಬರೆದಿದ್ದರು. ಆ ಕಾಲಿಗೆ ನೋವು ತಿಳಿಯದ ಚುಚ್ಚುಮದ್ದು ಕೊಟ್ಟು ಕಳಿಸಿದವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ಹುಡುಕಿ ಬರೆಯಿರಿ, ಆಮೇಲೆ ಅಚ್ಚಿಗೆ ಕೊಡೋಣ ಎಂದು ಹಿಂದಿರುಗಿಸಿದೆ. ಅವರು ಇನ್ನೂ ಹುಡುಕುತ್ತಿದ್ದಾರೆ.

ನಿಮ್ಮ ಪಟ್ಟಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಹೌ ಮೊದಲು, ಗ್ರೆಟ್ಸ್ಕಿ ಎರಡನೆಯವರು, ಓರ್ ಎಲ್ಲೂ ಇಲ್ಲ. ನೀವು ಬರೆದ ಕ್ರಮದಲ್ಲೇ ಇರಲಿ, ಒಂದು ಹೆಸರನ್ನೂ ಅತ್ತಿತ್ತ ಮಾಡಿಲ್ಲ. ಟಿಪ್ಪಣಿಗಳೂ ಹಾಗೆಯೇ ಅಚ್ಚಾಗುತ್ತವೆ. ಲಿಂಡ್ರೋಸ್ ಕುರಿತ ಸಾಲಿನಲ್ಲಿದ್ದ ಆ ಎರಡು ಪದಗಳನ್ನು ಮಾತ್ರ ಹೊಡೆದುಹಾಕಿದ್ದೇನೆ.